ಎರೆಹುಳುಗಳ ಕೈಗಡ

ಮಲೆನಾಡಿನಲ್ಲಿ ಹುಟ್ಟಿದವನಿಗೆ ಮೀನು ಹಿಡಿಯುವುದನ್ನು ಯಾರೂ ಕಲಿಸಬೇಕಾಗಿಲ್ಲ ಎಂಬ ನಂಬಿಕೆಯನ್ನು ನಾನು ಪುಣೆಯಲ್ಲಿ ಹದಿನಾರು ವರ್ಷ ಜತನದಿಂದ ಕಾಪಾಡಿಕೊಂಡು ಬಂದಿದ್ದೆ. ಅದಕ್ಕೆ ಹೆಚ್ಚಿನ ಶ್ರಮವೇನೂ ಬೇಕಾಗಿರಲಿಲ್ಲ. ಆ ಹದಿನಾರು ವರ್ಷಗಳಲ್ಲಿ ನಾನು ಒಮ್ಮೆಯೂ ಗಾಳವನ್ನು ಮುಟ್ಟಿರಲಿಲ್ಲ. ಇಲ್ಲಿನ ಕನ್ನಡಿಗರು ಯುಗಾದಿಗೆಂದೋ ರಾಜ್ಯೋತ್ಸವಕ್ಕೆಂದೋ ಒಟ್ಟಿಗೆ ಊಟಕ್ಕೆ ಕುಳಿತಾಗಲೆಲ್ಲ, ತೀರ್ಥಹಳ್ಳಿಯ ಬಳಿ ತುಂಗೆಯ ಮಡುವಿನಲ್ಲಿ ನಾನು ಹಿಡಿದಿದ್ದ ಮೀನು ವರ್ಷಕ್ಕೊಂದು ಗೇಣಿನಂತೆ ಬೆಳೆಯುತ್ತ ಬಂದಿತ್ತಷ್ಟೆ. ಹೀಗಿರುವಾಗ ಕಳೆದ ಮೇ ತಿಂಗಳಲ್ಲಿ ಶಿವಮೊಗ್ಗದಿಂದ ರಜೆಗೆಂದು ಬಂದ ಹೆಂಡತಿಯ ತಮ್ಮ, "ಭಾವ, ನೀವು ಇಷ್ಟೆಲ್ಲ ಹೇಳ್ತೀರಲ್ಲ, ಇಲ್ಲೂ ಒಂದಿನ ಗಾಳ ಹಾಕಿ ಬರಣ" ಎಂದುಬಿಟ್ಟ. ಅಡುಗೆಮನೆಯಿಂದ ಹೆಂಡತಿಯ ಕೆಮ್ಮು ಕೇಳಿಸಿತು. ಹಿಂದೆ ಸರಿಯುವ ದಾರಿ ಅಲ್ಲಿಗೆ ಮುಚ್ಚಿತು.

ಎಲ್ಲಿಗೆ ಹೋಗುವುದೆಂಬ ಪ್ರಶ್ನೆಗೆ ಪತ್ರಿಕೆಯೇ ಉತ್ತರ ಕೊಟ್ಟಿತು. ಬೇಸಿಗೆಯಲ್ಲಿ ಪುಣೆಯವರು ಕ್ರಿಕೆಟ್ಟಿನ ಅಂಕಪಟ್ಟಿಯಷ್ಟೇ ಶ್ರದ್ಧೆಯಿಂದ ಓದುವ ಇನ್ನೊಂದು ಪಟ್ಟಿಯಿದೆ: ಊರಿಗೆ ನೀರು ಕೊಡುವ ಖಡಕ್ವಾಸಲಾ, ಪಾನಶೇತ, ವರಸಗಾಂವ್, ಟೇಮಘರ್ ಎಂಬ ನಾಲ್ಕು ಅಣೆಕಟ್ಟುಗಳಲ್ಲಿ ಉಳಿದಿರುವ ನೀರಿನ ಲೆಕ್ಕ. ನಾಲ್ಕೂ ಭರ್ತಿಯಾದಾಗ ಒಟ್ಟು 29.15 ಟಿಎಂಸಿ, ಮೇ ತಿಂಗಳಲ್ಲಿ ಅದು ಯಾವ ಮಟ್ಟಕ್ಕೆ ಇಳಿದಿರುತ್ತದೆಂದು ಹೇಳಿ ಯಾರ ಬಾಯಿಯನ್ನೂ ಒಣಗಿಸುವುದಿಲ್ಲ. ಊರೆಲ್ಲ ಚಿಂತಿಸುತ್ತಿದ್ದ ಆ ಅಂಕಿಯಲ್ಲಿ ನನಗೊಬ್ಬನಿಗೆ ಮಾತ್ರ ಶುಭಸೂಚನೆ ಕಂಡಿತು. ಮೀನುಗಳು ಇದ್ದಷ್ಟೇ ಇವೆ, ನೀರು ಕಡಿಮೆಯಾಗಿದೆ, ಆದ್ದರಿಂದ ಮೀನುಗಳು ಒತ್ತೊತ್ತಾಗಿರಬೇಕು ಎಂಬ ನನ್ನ ತರ್ಕದಲ್ಲಿ ದೋಷವೆಲ್ಲಿದೆಯೆಂದು ಇಂದಿಗೂ ಯಾರೂ ಗಣಿತದ ಮೂಲಕ ತೋರಿಸಿಲ್ಲ. ಪಾನಶೇತದ ಹಿನ್ನೀರಿಗೆ ಬಂದು ಸೇರುವ ತೊರೆಯೊಂದನ್ನು ಮೊಬೈಲಿನ ನಕ್ಷೆಯಲ್ಲಿ ಹುಡುಕಿ ಇಟ್ಟುಕೊಂಡೆ. ನೀಲಿ ಗೆರೆ, ಬಹಳ ಸೊಗಸಾಗಿ ಬಳುಕುತ್ತಿತ್ತು.

ಎರೆಹುಳುವಿನದೇ ಕಷ್ಟವಾಯಿತು. ಬೇಸಿಗೆಯ ಒಣ ನೆಲದಲ್ಲಿ ಎರೆಹುಳುಗಳು ತಂಪು ಹುಡುಕಿಕೊಂಡು ಆಳಕ್ಕೆ ಇಳಿದುಬಿಡುತ್ತವೆ. ನಮ್ಮ ಹೌಸಿಂಗ್ ಸೊಸೈಟಿಯ ಹೂದೋಟವನ್ನು ಅಷ್ಟು ಆಳಕ್ಕೆ ಅಗೆದರೆ ನೀರಿನ ಪೈಪು ಸಿಗುತ್ತದೆಯೇ ಹೊರತು ಹುಳು ಸಿಗುವುದಿಲ್ಲ. ಉಳಿದದ್ದು ಹಸಿ ಕಸದಿಂದ ಗೊಬ್ಬರ ಮಾಡಲು ಸೊಸೈಟಿಯವರು ಸಾಕಿರುವ ಹುಳುಗಳ ತೊಟ್ಟಿಯೊಂದೇ. ಬೆಳಗಿನ ಜಾವ ಶ್ರೀಖಂಡದ ಖಾಲಿ ಡಬ್ಬಿ ಹಿಡಿದು ಆ ತೊಟ್ಟಿಗೆ ಕೈಯಿಟ್ಟಿದ್ದೆನಷ್ಟೆ, ವಾಯುವಿಹಾರಕ್ಕೆ ಹೊರಟಿದ್ದ ಕಾರ್ಯದರ್ಶಿಗಳು ಎದುರಿಗೆ ನಿಂತಿದ್ದರು. ಅವರು ನಿವೃತ್ತ ಬ್ಯಾಂಕ್ ಅಧಿಕಾರಿಗಳು. ಹುಳುಗಳು ಸೊಸೈಟಿಯ ಸ್ವತ್ತೆಂದೂ, ಯಾವ ಸದಸ್ಯನೂ ಅವನ್ನು ಸ್ವಂತ ಉಪಯೋಗಕ್ಕೆ ಒಯ್ಯುವಂತಿಲ್ಲವೆಂದೂ ಅವರು ಮರಾಠಿಯಲ್ಲಿ ಬಹು ಸೌಜನ್ಯದಿಂದ ತಿಳಿಸಿದರು. ಕೊನೆಗೆ, ಇಪ್ಪತ್ತು ಹುಳುಗಳನ್ನು ಎಣಿಸಿ ಕೊಡುವುದು, ಬಳಕೆಯಾಗದೆ ಉಳಿದವನ್ನು ಸಂಜೆಯೊಳಗೆ ಜೀವಂತವಾಗಿ ಹಿಂದಿರುಗಿಸುವುದು ಎಂಬ ಒಪ್ಪಂದವಾಯಿತು. ಮನೆಯ ಸಾಲಕ್ಕೂ ನನ್ನಿಂದ ಇಷ್ಟು ಮಾತು ಯಾರೂ ತೆಗೆದುಕೊಂಡಿರಲಿಲ್ಲ.

ಆರಕ್ಕೆ ಹೊರಡಬೇಕಾಗಿದ್ದವರು ಪೋಹೆ ತಿಂದು, ಚಹಾ ಕುಡಿದು, ಟೋಪಿ ಹುಡುಕಿ ಹೊರಟಾಗ ಒಂಬತ್ತಾಗಿತ್ತು. ಮುಠಾ ನದಿಯ ಸೇತುವೆ ದಾಟುವಾಗ ನಾನು ಸ್ವಲ್ಪ ಪಾಂಡಿತ್ಯ ಪ್ರದರ್ಶಿಸಿದೆ. ಈ ಹೊಳೆಯೇ ಮುಂದೆ ಮುಳೆಯನ್ನು ಕೂಡಿ ಮುಳಾ-ಮುಠಾ ಆಗುತ್ತದೆ. ಸೈಕ್ಸ್ ಎಂಬ ಇಂಗ್ಲಿಷ್ ಕರ್ನಲ್ 1839ರಲ್ಲಿ ದಖ್ಖನಿನ ಮಹಶೀರನ್ನು ಶಾಸ್ತ್ರೀಯವಾಗಿ ಬಣ್ಣಿಸಿದ್ದು ಪುಣೆಯ ಪಕ್ಕದ ಆ ನೀರಿನ ಮೀನನ್ನು ನೋಡಿಯೇ. ಅವನಿಟ್ಟ 'ಖುದ್ರೀ' ಎಂಬ ಹೆಸರು ಇಂದಿಗೂ ಅದರ ವೈಜ್ಞಾನಿಕ ಹೆಸರಿನಲ್ಲಿದೆ ಎಂದೆಲ್ಲ ಹೇಳಿದೆ. ಭಾವಮೈದುನ ಒಮ್ಮೆ ಕೆಳಗಿನ ಕಪ್ಪು ನೀರನ್ನು ನೋಡಿ, ಮಾತಾಡದೆ ಕಾರಿನ ಗಾಜು ಏರಿಸಿಕೊಂಡ.

ನೀಲಿ ಗೆರೆಯಿದ್ದ ಜಾಗವನ್ನು ತಲುಪಿದಾಗ ನೀಲಿಯೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಸಹ್ಯಾದ್ರಿಯ ಈ ಮಗ್ಗುಲಿನ ಬಹುಪಾಲು ತೊರೆಗಳು ಮಳೆಗಾಲದಲ್ಲಿ ಮಾತ್ರ ತೊರೆಗಳು. ಕಪ್ಪು ಬಂಡೆಯ ಮೇಲೆ ಬಿದ್ದ ನೀರು ಒಳಗೆ ಇಂಗುವುದಕ್ಕಿಂತ ಹರಿದುಹೋಗುವುದೇ ಹೆಚ್ಚಾದ್ದರಿಂದ, ನಾಲ್ಕು ತಿಂಗಳು ಭೋರ್ಗರೆದು ಉಳಿದ ಎಂಟು ತಿಂಗಳು ಅವು ಕಲ್ಲಿನ ರಾಶಿಗಳಾಗಿ ಬಿದ್ದಿರುತ್ತವೆ. ನಕ್ಷೆಗೆ ಋತುಗಳಿಲ್ಲವೆಂಬುದನ್ನು ನಾನು ಯೋಚಿಸಿರಲಿಲ್ಲ. "ಭಾವ, ಇದು ಹೊಳೆಯಾ, ಕಲ್ಲುಕ್ವಾರಿಯಾ?" ಎಂದು ಅವನು ಕೇಳಿದ. ಮೇಲೆ ಎಲ್ಲಿಯಾದರೂ ಮಡುವಿರಲೇಬೇಕೆಂದು ಹೇಳಿ ಒಂದು ಮೈಲಿ ಬಂಡೆಯಿಂದ ಬಂಡೆಗೆ ಕುಪ್ಪಳಿಸಿದೆವು. ಮಡುವಿತ್ತು. ಅದರಲ್ಲಿ ಮೂರು ಎಮ್ಮೆಗಳು ಕಣ್ಣು ಮುಚ್ಚಿ ಕುಳಿತಿದ್ದವು, ನಾಲ್ಕನೆಯದಕ್ಕೆ ಜಾಗವಿರಲಿಲ್ಲ. ಆದರೂ ಬಂದ ತಪ್ಪಿಗೆಂದು, ಎರಡು ಎಮ್ಮೆಗಳ ನಡುವಿನ ಸಂದನ್ನು ಗುರಿಯಾಗಿಟ್ಟು ಕೋಲನ್ನು ಬೀಸಿದೆ. ಗಾಳವು ಮುಂದಕ್ಕೆ ಹೋಗುವ ಬದಲು ಹಿಂದಿದ್ದ ಕವಳಿ ಮಟ್ಟಿಗೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಲು ಹೋದವನ ಅಂಗಿಯೂ ಮುಳ್ಳಿಗೆ ಸಿಕ್ಕಿಕೊಂಡಿತು. ಕವಳಿ ಹಣ್ಣು ಮಾತ್ರ ಚೆನ್ನಾಗಿ ಕಪ್ಪಾಗಿತ್ತು. ಇಬ್ಬರೂ ಹೊಟ್ಟೆ ತುಂಬ ತಿಂದೆವು. ಆ ದಿನದ ಬೇಟೆಯೆಂದು ಹೇಳಬಹುದಾದದ್ದು ಅದೊಂದೇ.

ಹಿನ್ನೀರಿನ ದಂಡೆಗೆ ಬಂದಾಗ ನಡುಮಧ್ಯಾಹ್ನ. ನೀರು ಕಾದಂತೆಲ್ಲ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ, ಮೀನುಗಳು ಬಿಸಿಲೇರಿದ ಮೇಲೆ ದಂಡೆಯನ್ನು ಬಿಟ್ಟು ಆಳದ ತಂಪಿಗೆ ಹೋಗುತ್ತವೆ, ಬೇಸಿಗೆಯಲ್ಲಿ ಗಾಳ ಹಾಕುವವನು ಸೂರ್ಯ ಹುಟ್ಟುವ ಮೊದಲೋ ಮುಳುಗುವ ಹೊತ್ತಿಗೋ ನೀರಿನ ಬಳಿ ಇರಬೇಕು ಎಂಬುದೆಲ್ಲ ನನಗೆ ಗೊತ್ತಿಲ್ಲದ್ದಲ್ಲ; ಊಟದ ಪಂಕ್ತಿಯಲ್ಲಿ ನಾನೇ ಎಷ್ಟೋ ಸಲ ಹೇಳಿದ್ದೆ. ನೀರು ಇಳಿದು ಬರಿದಾಗಿದ್ದ ದಂಡೆ ಬಿರುಕು ಬಿಟ್ಟು ಹಪ್ಪಳದಂತೆ ಒಣಗಿ ಕಾಣುತ್ತಿತ್ತು. ಹಪ್ಪಳದ ಕೆಳಗೆ ಏನಿರುತ್ತದೆಂದು ನೋಡದೆ ಹತ್ತು ಹೆಜ್ಜೆ ಇಟ್ಟೆ. ಹನ್ನೊಂದನೆಯದಕ್ಕೆ ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತೆ. ಒಂದು ಕಾಲೆತ್ತಲು ಹೋದರೆ ಇನ್ನೊಂದು ಇಳಿಯುತ್ತಿತ್ತು. ಆ ಸ್ಥಿತಿಯಲ್ಲಿಯೇ, ಘನತೆ ಉಳಿಸಿಕೊಳ್ಳುವ ಸಲುವಾಗಿ, ನಿಂತಲ್ಲಿಂದಲೇ ಗಾಳ ಬೀಸಿದೆ. ಬೆಂಡು ನೀರಿನ ಮೇಲೆ ಅಲುಗಾಡದೆ ಕುಳಿತಿತ್ತು.

ಬಲೆ ಹೊತ್ತು ಆ ದಾರಿಯಲ್ಲಿ ಬಂದ ಮುದುಕರೊಬ್ಬರು ನಿಂತು ನೋಡಿದರು. ಮಾತು ಬೆಳೆಸೋಣವೆಂದು, ಇಲ್ಲಿ ಜಿಲೇಬಿ ಸಿಗುತ್ತದೆಯೇ ಕಾಕಾ ಎಂದು ಕೇಳಿದೆ. ನಮ್ಮ ಕಡೆಯ ಕೆರೆಗಳಲ್ಲಿ ಆಫ್ರಿಕಾ ಮೂಲದ ತಿಲಾಪಿಯಾಕ್ಕೆ ಜಿಲೇಬಿ ಎನ್ನುತ್ತಾರೆ. ಅವರು ಬಹಳ ಕನಿಕರದಿಂದ, ಸಿಹಿ ಬೇಕಾದರೆ ಹಿಂದಿನ ಊರಿಗೇ ಹೋಗಬೇಕೆಂದೂ, ಇಲ್ಲಿ ರಸ್ತೆಯ ಬದಿಯಲ್ಲಿ ಈರುಳ್ಳಿ ಭಜಿ ಮಾತ್ರ ಸಿಗುವುದೆಂದೂ ಹೇಳಿದರು. ಅದು ಇವರ ಬಾಯಲ್ಲಿ 'ಚಿಲಾಪಿ' ಎಂದು ತಿಳಿಯುವಷ್ಟರಲ್ಲಿ ನಾನು ಇನ್ನೂ ನಾಲ್ಕು ಅಂಗುಲ ಇಳಿದಿದ್ದೆ. ಈ ಬಿಸಿಲಿನಲ್ಲಿ ಕೆಸರಲ್ಲಿ ಉಳಿಯುವುದು 'ಮರಳ' ಒಂದೇ ಎಂದು ಅವರು ನಕ್ಕರು. ಗಾಳಿಯನ್ನೂ ಉಸಿರಾಡಬಲ್ಲ, ನೀರು ಬತ್ತಿದರೂ ಕೆಸರಿನಲ್ಲಿ ಜೀವ ಹಿಡಿದಿರಬಲ್ಲ ಕುಚ್ಚು ಮೀನಿಗೆ ಮರಾಠಿಯಲ್ಲಿ ಹಾಗೆನ್ನುತ್ತಾರೆ. ನನಗೆ 'ಮರುಳ' ಎಂದು ಕೇಳಿಸಿತು. ಆಕ್ಷೇಪಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಬಲೆಯ ಹಗ್ಗವನ್ನು ಎಸೆದು ಅವರೂ ಭಾವಮೈದುನನೂ ಸೇರಿ ನನ್ನನ್ನು ಎಳೆದು ಹಾಕಿದರು. ಎಡಗಾಲಿನ ಬೂಟು ಅಲ್ಲಿಯೇ ಉಳಿಯಿತು. ಇಂಥ ಜಲಾಶಯಗಳ ಮೀನಿನ ಹಕ್ಕು ಗುತ್ತಿಗೆ ಪಡೆದ ಸಹಕಾರ ಸಂಘಗಳಿಗೆ ಸೇರಿರುತ್ತದೆ, ಕೇಳದೆ ಗಾಳ ಹಾಕಬಾರದು ಎಂದು ಮೊದಲು ಗದರಿಸಿದ ಅವರು, ನನ್ನ ಖಾಲಿ ಚೀಲವನ್ನು ನೋಡಿ, ಇದಕ್ಕೆ ಯಾರ ತಕರಾರೂ ಇರಲಾರದೆಂದರು. ಆಮೇಲೆ ಬೀಡಿ ಹಚ್ಚಿಕೊಂಡು, ಈ ಉರಿಯಲ್ಲಿ ಯಾರು ಬರುತ್ತಾರೆ ಸಾಹೇಬ, ಮೊದಲ ಮಳೆಗೆ 'ವಲಗಣ' ಹತ್ತುತ್ತದೆ, ಆಗ ಬನ್ನಿ, ಗಾಳವೂ ಬೇಡ ಹುಳುವೂ ಬೇಡ ಎಂದರು. ಭಾವಮೈದುನ ನನ್ನ ಮುಖ ನೋಡಿದ. ಮುಂಗಾರಿನ ಕೆಂಪು ನೀರಿಗೆ ಎದುರಾಗಿ, ಮೊಟ್ಟೆಯಿಡಲು ಹಳ್ಳ ಹಿಡಿದು ಗದ್ದೆಯವರೆಗೂ ಏರಿಬರುವ ಮೀನನ್ನು ನಮ್ಮಲ್ಲಿ ಹತ್ತುಮೀನು ಎನ್ನುತ್ತಾರೆ. ನಾನು ಬಾಲ್ಯದಲ್ಲಿ ಮೀನು ಹಿಡಿದದ್ದೆಲ್ಲವೂ ಹಾಗೆಯೇ, ಅಜ್ಜ ಇಟ್ಟ ಕೂಣಿಯಿಂದ, ಅಂದರೆ ಮೀನು ಸಿಕ್ಕಿಬೀಳುವ ಬುಟ್ಟಿಯಿಂದ, ಹೆಕ್ಕಿ. ತುಂಗೆಯ ಮಡುವೂ ಗೇಣುದ್ದದ ಮೀನೂ ಯಾವಾಗ ಬಂದು ಸೇರಿಕೊಂಡವೋ ನನಗೇ ನೆನಪಿರಲಿಲ್ಲ.

ಕಾರಿನ ಬಾಗಿಲು ತೆರೆದಾಗ ಇನ್ನೊಂದು ಆಘಾತ ಕಾದಿತ್ತು. ಬಳಸಿದ್ದು ಎರಡೇ ಹುಳು. ಉಳಿದ ಹದಿನೆಂಟೂ ಮುಚ್ಚಿದ ಕಾರಿನ ಕಾವಿಗೆ ಶ್ರೀಖಂಡದ ಡಬ್ಬಿಯಲ್ಲೇ ಪ್ರಾಣ ಬಿಟ್ಟಿದ್ದವು. ಅಂದಿನಿಂದ ಲಿಫ್ಟಿನಲ್ಲಿ ಎದುರಾದಾಗಲೆಲ್ಲ ಕಾರ್ಯದರ್ಶಿಗಳು ನನ್ನನ್ನು ವಸೂಲಾಗದ ಸಾಲವನ್ನು ನೋಡುವಂತೆ ನೋಡತೊಡಗಿದರು.

ಜೂನ್ ಎರಡನೆಯ ವಾರ ಮೊದಲ ದೊಡ್ಡ ಮಳೆ ಬಿದ್ದ ಬೆಳಿಗ್ಗೆ, ಸೊಸೈಟಿಯ ಪಾರ್ಕಿಂಗಿನ ತುಂಬ ಎರೆಹುಳುಗಳು ತಾವಾಗಿ ಹೊರಬಂದು ಹರಿದಾಡುತ್ತಿದ್ದವು. ಬಳಸಿದ ಎರಡನ್ನೂ ಬಡ್ಡಿಯೊಂದನ್ನೂ ಸೇರಿಸಿ ಇಪ್ಪತ್ತೊಂದನ್ನು ಡಬ್ಬಿಗೆ ಹಾಕಿಕೊಂಡು ಕಾರ್ಯದರ್ಶಿಗಳ ಬಾಗಿಲು ತಟ್ಟಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ತೊಟ್ಟಿಯವು ಕಸ ತಿನ್ನುವ ಕೆಂಪು ಹುಳುಗಳೆಂದೂ, ಇವು ಮಣ್ಣಿನ ಹುಳುಗಳೆಂದೂ, ಇದನ್ನು ಜಮಾ ಮಾಡಿಕೊಳ್ಳಲು ಬರುವುದಿಲ್ಲವೆಂದೂ ಹೇಳುತ್ತಿರುವಾಗಲೇ ನನ್ನ ಮೊಬೈಲಿಗೆ ಶಿವಮೊಗ್ಗದಿಂದ ಚಿತ್ರವೊಂದು ಬಂತು. ಗದ್ದೆಯ ಬದುವಿನ ಮೇಲೆ ಭಾವಮೈದುನ ನಿಂತಿದ್ದ, ಕಾಲ ಬಳಿ ಬುಟ್ಟಿ ತುಂಬ ಹತ್ತುಮೀನು. ಕಾರ್ಯದರ್ಶಿಗಳು ಬಗ್ಗಿ ಅದನ್ನು ಬಹಳ ಹೊತ್ತು ನೋಡಿದರು.

"ಇವರು ಎಷ್ಟು ಹುಳು ಬಳಸಿದರು?" ಎಂದು ಕೇಳಿದರು.