ಮಳೆಯಲ್ಲಿ ನೆನೆಯುತ್ತಿದ್ದ ಒಬ್ಬನೇ ವರದಿಗಾರ

ಅಟ್ಲಾಂಟಾದಲ್ಲಿ ನಾನು ಹೋಗುವ ಜಿಮ್‌ನಲ್ಲಿ ಟ್ರೆಡ್‌ಮಿಲ್‌ಗಳ ಎದುರಿಗೆ ಮೂರು ಟಿವಿಗಳಿವೆ. ಮೂರು ಸುದ್ದಿವಾಹಿನಿ, ಮೂರೂ ಮೂಕ. ಕೆಳಗೆ ಅಕ್ಷರಗಳು ಓಡುತ್ತಿರುತ್ತವೆ. ಒಂದು ಸಂಜೆ ಸುಮ್ಮನೆ ಲೆಕ್ಕ ಹಾಕಿದೆ. ನಲವತ್ತು ನಿಮಿಷದಲ್ಲಿ ಮೇಜಿನ ಮುಂದೆ ಕುಳಿತು ಮಾತನಾಡಿದವರು ಹತ್ತೊಂಬತ್ತು ಜನ. ಹೊರಗೆ ನಿಂತು ಕಂಡದ್ದನ್ನು ಹೇಳಿದವನು ಒಬ್ಬನೇ. ಅವನೂ ಚಂಡಮಾರುತದ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದ. ಸಿಕ್ಕಿದ್ದು ಒಂದೂವರೆ ನಿಮಿಷ.

1980ರ ಜೂನ್ 1ರಂದು ಟೆಡ್ ಟರ್ನರ್ ಸಿಎನ್‌ಎನ್ ಶುರು ಮಾಡಿದ್ದು ಇದೇ ಊರಿನಲ್ಲಿ. 1982ರಲ್ಲಿ ಅದರ ಎರಡನೆಯ ವಾಹಿನಿ ಬಂತು: ಅರ್ಧ ಗಂಟೆಯ ವಾರ್ತೆ, ಮುಗಿದರೆ ಮತ್ತೆ ಮೊದಲಿನಿಂದ, ಹಗಲೂ ರಾತ್ರಿ. ಯಾವಾಗ ಹಾಕಿದರೂ ಲೋಕದ ಸಮಾಚಾರ ತಿಳಿದುಕೊಂಡು ಎದ್ದು ಹೋಗಬಹುದಿತ್ತು. ನೋಡುಗ ಹೀಗೆ ಎದ್ದು ಹೋಗುವುದು ಜಾಹೀರಾತು ಮಾರುವವರಿಗೆ ಹಿಡಿಸುವ ಮಾತಲ್ಲ. ಬರಬರುತ್ತಾ ಅಲ್ಲಿ ಹರಟೆ ಸೇರಿತು, ಕೊಲೆ ಮೊಕದ್ದಮೆಗಳು ಸೇರಿದವು. ಈಗ ಅದರಲ್ಲಿ ಬಹುಪಾಲು ಹಳೆಯ ಅಪರಾಧ ಕಾರ್ಯಕ್ರಮಗಳ ಮರುಪ್ರಸಾರ.

ಸುದ್ದಿವಾಹಿನಿಗಳು ಹೀಗೇಕಾದವು ಎಂದರೆ ಇಲ್ಲಿನ ಗೆಳೆಯರು 1987ರಲ್ಲಿ ಕೈಬಿಟ್ಟ ಸಮತೋಲನದ ನಿಯಮವನ್ನು, ಅಂದರೆ ವಿವಾದದ ವಿಷಯದಲ್ಲಿ ಬೇರೆ ಬೇರೆ ಕಡೆಯ ಮಾತಿಗೂ ಜಾಗ ಕೊಡಬೇಕೆಂಬುದನ್ನು, ನೆನೆದು ನಿಟ್ಟುಸಿರು ಬಿಡುತ್ತಾರೆ. 1949ರ ಆ ನಿಯಮ ಸರ್ಕಾರದ ತರಂಗಾಂತರ ಪಡೆದ ಕೇಂದ್ರಗಳಿಗೆಂದು ಮಾಡಿದ್ದು, ಕೇಬಲ್ ಸುದ್ದಿಯನ್ನು ನೋಡಿ ಮಾಡಿದ್ದಲ್ಲ. ನಮ್ಮ ಊರಿನವರ ದೂರು ಟಿಆರ್‌ಪಿಯ ಮೇಲೆ. ಆ ಅಂಕಿಗಳನ್ನು ತಿರುಚಿದರೆಂಬ ಹಗರಣದ ನಂತರ 2020ರ ಅಕ್ಟೋಬರ್‌ನಿಂದ 2022ರ ಮಾರ್ಚ್‌ವರೆಗೆ ಸುದ್ದಿವಾಹಿನಿಗಳ ಅಂಕಿಗಳೇ ಪ್ರಕಟವಾಗಲಿಲ್ಲವಲ್ಲ, ಆಗೇನಾದರೂ ಕೂಗಾಟ ಇಳಿಯಿತೇ? ನನ್ನ ಕಿವಿಗಂತೂ ಇಲ್ಲ.

ನಿಜವಾದ ಕಾರಣ ಖರ್ಚು. ಒಬ್ಬ ವರದಿಗಾರ, ಒಬ್ಬ ಕ್ಯಾಮೆರಾದವನು, ಒಂದು ಗಾಡಿ, ಎರಡು ದಿನದ ಊಟ ವಸತಿ. ತರುವುದು ಎರಡು ನಿಮಿಷದ ಸುದ್ದಿ. ಅದೇ ಎಂಟು ಜನರನ್ನು ಎಂಟು ಚೌಕಗಳಲ್ಲಿ ಕೂರಿಸಿದರೆ ಒಂದು ಗಂಟೆ ಗಡದ್ದಾಗಿ ತುಂಬುತ್ತದೆ. ಕರ್ನಾಟಕದ ಸಣ್ಣ ವಾಹಿನಿ ಹೀಗೆ ಮಾಡಿದರೆ ಅರ್ಧ ಕ್ಷಮಿಸಬಹುದು. ಅದು ಜಾಹೀರಾತನ್ನೇ ನೆಚ್ಚಿದ್ದು; ಕೇಬಲ್‌ನಲ್ಲಿ ಜಾಗ ಸಿಗಲು ತಾನೇ ಹಣ ತೆರಬೇಕಾದೀತು. ಅಮೆರಿಕದ ದೊಡ್ಡ ವಾಹಿನಿಗಳಿಗೆ ಆ ನೆಪವಿಲ್ಲ. ಇಲ್ಲಿ ಕೇಬಲ್ ಕಂಪನಿಯೇ ಅವಕ್ಕೆ ಮನೆಯೊಂದಕ್ಕೆ ಇಷ್ಟು ಎಂದು ತಿಂಗಳು ತಿಂಗಳು ಕೊಡುತ್ತದೆ, ಆ ಮನೆಯವರು ನೋಡಲಿ ಬಿಡಲಿ. ಇದೇ ಏರ್ಪಾಡಿನ ಕೆಲವೇ ಸೆಂಟುಗಳಲ್ಲಿ ಸಿ-ಸ್ಪ್ಯಾನ್ ಎಂಬ ವಾಹಿನಿ 1979ರಿಂದ ಇಲ್ಲಿನ ಸಂಸತ್ತನ್ನು ಜಾಹೀರಾತಿಲ್ಲದೆ ತೋರಿಸುತ್ತಿದೆ. ನೋಡುತ್ತಾ ತೂಕಡಿಕೆ ಬರುತ್ತದೆ, ಸುಳ್ಳೇಕೆ.

ನಾನು ಕೇಳುವುದು ಹೆಚ್ಚೇನಲ್ಲ. ಸಂಜೆ ಏಳರಿಂದ ಎಂಟು, ಆ ಅರ್ಧ ಗಂಟೆಯ ವಾರ್ತೆ ಎರಡು ಸಲ. ಸ್ಟುಡಿಯೋದಲ್ಲಿ ಓದುವವರೊಬ್ಬರು, ಮಿಕ್ಕವರೆಲ್ಲ ಸ್ಥಳದಲ್ಲಿದ್ದು ಕಂಡವರು. ಬ್ರೇಕಿಂಗ್ ನ್ಯೂಸ್‌ನ ಕೆಂಪು ಪಟ್ಟಿ ಬೇಡ. ಚರ್ಚೆ ಎಂಟರ ನಂತರ ಬೆಳಗಾಗುವ ತನಕ ನಡೆಯಲಿ. ಆಕಾಶವಾಣಿಯ ಪ್ರದೇಶ ಸಮಾಚಾರ ಕೇಳಿ ಬೆಳೆದವನು ನಾನು. ಅದರಲ್ಲಿ ಮಂತ್ರಿಗಳ ಉದ್ಘಾಟನೆಗಳೇ ಹೆಚ್ಚಿದ್ದವು, ಒಪ್ಪುತ್ತೇನೆ. ಆದರೆ ಓದುವವರ ಹೆಸರು ಗೊತ್ತಿತ್ತು, ಅವರ ಅಭಿಪ್ರಾಯ ಗೊತ್ತಿರಲಿಲ್ಲ.

ಕಳೆದ ವಾರ ಶಿವಮೊಗ್ಗಕ್ಕೆ ಫೋನ್ ಮಾಡಿದಾಗ ಅಮ್ಮನ ಹಿಂದೆ ಟಿವಿ ಅರಚುತ್ತಿತ್ತು. “ಏನಮ್ಮ ಅಷ್ಟು ದೊಡ್ಡ ಸುದ್ದಿ?” ಎಂದೆ.

“ಗೊತ್ತಿಲ್ಲಪ್ಪ, ಬೆಳಗಿನಿಂದ ಅದನ್ನೇ ಹೇಳುತ್ತಿದ್ದಾರೆ” ಎಂದಳು.