ಅಕಿಲಿಸ್ ನೋವಿಗೆ ವಿಶ್ರಾಂತಿಯೊಂದೇ ಸಾಲದು

ಹಿಮ್ಮಡಿ ಮೇಲಿನ ಅಕಿಲಿಸ್ ಸ್ನಾಯುರಜ್ಜು (ಮೀನಖಂಡವನ್ನು ಹಿಮ್ಮಡಿ ಮೂಳೆಗೆ ಜೋಡಿಸುವ ಗಟ್ಟಿ ಪಟ್ಟಿ) ನೋವಿಗೆ ವಿಶ್ರಾಂತಿ, ಐಸ್, ಅಲ್ಟ್ರಾಸೌಂಡ್ ಚಿಕಿತ್ಸೆ ಸಾಕು ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ತಿಂಗಳುಗಟ್ಟಲೆ ಕಾಡುವ ನೋವಿಗೆ ಇದು ಖಂಡಿತ ಸಾಲದು. ವಿಶ್ರಾಂತಿಯಲ್ಲಿ ನೋವಿನ ಜೊತೆ ರಜ್ಜುವಿನ ಭಾರ ಹೊರುವ ಶಕ್ತಿಯೂ ಇಳಿಯುತ್ತದೆ. ಮತ್ತೆ ಓಡತೊಡಗಿದರೆ ನೋವು ಹಾಜರ್.

ಸ್ವೀಡನ್ನಿನ ಮೂಳೆ ವೈದ್ಯ ಹೋಕನ್ ಆಲ್ಫ್ರೆಡ್‌ಸನ್ 1998ರಲ್ಲಿ ಪ್ರಕಟಿಸಿದ ವ್ಯಾಯಾಮ ಇಂದಿಗೂ ಬಳಕೆಯಲ್ಲಿದೆ. ಮೆಟ್ಟಿಲ ಅಂಚಿನಲ್ಲಿ ಮುಂಗಾಲಷ್ಟೇ ಊರಿ, ಚೆನ್ನಾಗಿರುವ ಕಾಲಿನ ಬಲದಿಂದ ಮೇಲೇಳಬೇಕು. ಆಮೇಲೆ ಇಡೀ ಭಾರವನ್ನು ನೋವಿರುವ ಕಾಲಿಗೆ ಕೊಟ್ಟು, ಹಿಮ್ಮಡಿಯನ್ನು ನಿಧಾನವಾಗಿ ಮೆಟ್ಟಿಲ ಮಟ್ಟಕ್ಕಿಂತ ಕೆಳಗಿಳಿಸಬೇಕು. ಮಂಡಿ ನೇರವಿಟ್ಟು 15ರಂತೆ 3 ಸುತ್ತು, ಮಂಡಿ ಕೊಂಚ ಬಾಗಿಸಿ ಇನ್ನೂ 3 ಸುತ್ತು. ದಿನಕ್ಕೆ 2 ಸಲ, 12 ವಾರ. ಬಾಗಿದ ಮಂಡಿಯ ಸುತ್ತು ಮೀನಖಂಡದ ಒಳಗಿನ ಸೋಲಿಯಸ್ ಸ್ನಾಯುವಿಗೆ. ಹೆಚ್ಚಿನವರು ಕೈಬಿಡುವುದು ಇದನ್ನೇ! ಸಲೀಸಾದ ಮೇಲೆ ಬೆನ್ನಿಗೆ ಚೀಲ ಹಾಕಿ ಭಾರ ಸೇರಿಸಿ. ಮಾಡುವಾಗ ಸಹಿಸಬಲ್ಲಷ್ಟು ನೋವಿದ್ದರೆ ಹೆದರಬೇಡಿ. ಮರುದಿನ ಬೆಳಿಗ್ಗೆ ಬಿಗಿತ ಹೆಚ್ಚಿದ್ದರೆ ಭಾರ ಕಡಿಮೆ ಮಾಡಿ. ಎರಡು ಮೂರು ವಾರಕ್ಕೆ ಫಲ ಕಾಣಲಿಲ್ಲವೆಂದು ನಿಲ್ಲಿಸುವುದೇ ದೊಡ್ಡ ತಪ್ಪು.

ನೋವು ರಜ್ಜು ಮೂಳೆಗೆ ಅಂಟುವ ಜಾಗದಲ್ಲೇ ಇದ್ದರೆ ಲೆಕ್ಕ ಬೇರೆ. ಹಿಮ್ಮಡಿ ಕೆಳಗಿಳಿದಾಗ ರಜ್ಜು ಮೂಳೆಗೆ ಒತ್ತಿಕೊಳ್ಳುತ್ತದೆ, ಹಾಗಾಗಿ ಸಮನೆಲದಲ್ಲೇ ಮಾಡಿ.

ರಜ್ಜುವಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ದಯವಿಟ್ಟು ಬೇಡ, ರಜ್ಜು ಹರಿದುಹೋಗುವ ಅಪಾಯವಿದೆ. ಸಿಪ್ರೊಫ್ಲಾಕ್ಸಸಿನ್ ತರಹದ ಆ್ಯಂಟಿಬಯಾಟಿಕ್‌ನಿಂದಲೂ ಇದೇ ಅಪಾಯ, ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ಹಿಂದಿನಿಂದ ಯಾರೋ ಒದ್ದಂತಾಗಿ, ಒಂಟಿಗಾಲ ತುದಿಯಲ್ಲಿ ನಿಲ್ಲಲಾಗದಿದ್ದರೆ ರಜ್ಜು ಹರಿದಿರಬಹುದು, ವ್ಯಾಯಾಮ ಬಿಟ್ಟು ಅಂದೇ ಮೂಳೆ ವೈದ್ಯರನ್ನು ಕಾಣಿ.