ಕುಜದೋಷ

ನನ್ನ ಜಾತಕದಲ್ಲಿ ಕುಜದೋಷವಿಲ್ಲ ಎಂದು ಊರಿನ ಜೋಯಿಸರು ಬರೆದುಕೊಟ್ಟ ಚೀಟಿ ಅಮ್ಮನ ಬೀರುವಿನಲ್ಲಿ ಇಂದಿಗೂ ಭದ್ರವಾಗಿದೆ. ದೋಷ ವಕ್ಕರಿಸಿದ್ದು ಲಿಸ್ಬನ್ನಿಗೆ ಬಂದ ಮೇಲೆ. ಇಲ್ಲಿನ ಪೋರ್ಚುಗೀಸ್ ಭಾಷೆಯಲ್ಲಿ ಕುಜ ಒಬ್ಬನಲ್ಲ, ನಾಲ್ವರು: ಕುಜು, ಕುಜ, ಕುಜುಶ್, ಕುಜಶ್. 'ಯಾರ ನಾಯಿಯೋ ಅವರು' ಎನ್ನುವಾಗಿನ 'ಯಾರ' ಇವರೇ.

ನಿನ್ನೆ ರಾತ್ರಿಯಿಡೀ ಮೇಲಿನ ಮನೆಯ ನಾಯಿ ಬೊಗಳಿತು. ಬೆಳಿಗ್ಗೆ ಕೆಂಗಣ್ಣಿನಲ್ಲೇ ಚೀಟಿ ಬರೆದು ಲಿಫ್ಟಿನಲ್ಲಿ ಅಂಟಿಸಿದೆ. ಕುಜನ ಸಹವಾಸವೇ ಬೇಡವೆಂದು, 'ಯಾರು', 'ಯಾವುದು' ಎಲ್ಲದಕ್ಕೂ ಒಗ್ಗುವ 'ಕೆ' ಹಾಕಿ ಮುಗಿಸಿದೆ: 'ಅ ವಿಝೀನ್ಯ ಕೆ ಲಾದ್ರ...'

ಸಂಜೆ ಕ್ಲಾಸಿನಲ್ಲಿ ಇದನ್ನು ಹೇಳಿದ್ದೇ ತಪ್ಪಾಯಿತು. ನಮ್ಮ ಮೇಡಂ ಬೈಯುವವರಲ್ಲ, ಕನ್ನಡಕ ತೆಗೆಯುವವರು. ತೆಗೆದು, ಮಡಚಿ, ಮೇಜಿನ ಮೇಲಿಟ್ಟು, ಕಿಟಕಿಯಾಚೆ ನೋಡುತ್ತಾರೆ. ಪಕ್ಕದ ನೇಪಾಳಿ ಹುಡುಗ ಅವರ ಕೈ ಕಿವಿಯತ್ತ ಹೊರಟಾಗಲೇ ಹೇಳುತ್ತಿದ್ದ ವಾಕ್ಯವನ್ನು ಅರ್ಧಕ್ಕೇ ನುಂಗುತ್ತಾನೆ.

"ರಾತ್ರಿಯಿಡೀ ಬೊಗಳುವ ನೆರೆಮನೆಯಾಕೆ ಅಂತ ಬರೆದಿದ್ದೀಯ" ಎಂದರು. ಕನ್ನಡಕ ಮೇಜಿಗಿಳಿಯಿತು.

ತಿದ್ದಿಕೊಂಡು 'ಕುಜ ಕಾಂವ್' ಎಂದೆ; ಕಾಂವ್ ಅಂದರೆ ನಾಯಿ. ಒಡತಿ ಹೆಂಗಸಲ್ಲವೇ! ಅಲ್ಲವಂತೆ, ಕುಜ ಹೊಂದಿಕೊಳ್ಳಬೇಕಾದ್ದು ಒಡತಿಗಲ್ಲ, ನಾಯಿಗೆ. ನಾಯಿ ಪುಲ್ಲಿಂಗ, ಹಾಗಾಗಿ ಕುಜು. ಸರಿ, 'ಕುಜು ಉ ಕಾಂವ್' ಎಂದೆ. ಆಗಷ್ಟೇ ಮೂಗಿಗೇರಿದ್ದ ಕನ್ನಡಕ ಮತ್ತೆ ಇಳಿಯಿತು. ಇಂಗ್ಲಿಷಿನ 'ದ' (the) ಹಾಗೆ ಪದ ಪದಕ್ಕೂ ಅಂಟಿಕೊಳ್ಳುವ 'ಉ' ಕುಜುವಿನ ಹಿಂದೆ ಮಾತ್ರ ಸುಳಿಯಬಾರದಂತೆ.

ಇಷ್ಟೆಲ್ಲ ಕಲಿತು ಕಾಫಿ ಅಂಗಡಿಗೆ ಹೋದರೆ, ಕಾಫಿ ಕೊಡುವಾತ ಅದೇ ಮಹಾತಾಯಿಯ ಬಗ್ಗೆ ಹೇಳುತ್ತಿದ್ದಾನೆ: 'ಕೆ ಉ ಕಾಂವ್ ದೆಲ'. ಅಂದರೆ 'ಯಾರು, ಅವಳ ನಾಯಿ'. ಕುಜನ ಸುದ್ದಿಯೇ ಇಲ್ಲ! ಕೇಳಿದರೆ, "ಅದೆಲ್ಲ ಬರೆಯೋವಾಗ" ಎಂದು ನಕ್ಕ. ನಾನು ಫೀಸು ಕಟ್ಟಿದ್ದೇನಪ್ಪ!

ಮೆಟ್ರೋದಲ್ಲಿದ್ದಾಗ ಅಮ್ಮನ ಫೋನು. "ನೀನು ಮಲಗ್ತಿದ್ದ ಕೋಣೇಲಿ ಈಗ ತೆಂಗಿನಕಾಯಿ ಹಾಕಿದೀವಿ ಕಣೇ." ಮಲಗ್ತಿದ್ದ ಕೋಣೆ. ಇಲ್ಲಾದರೆ 'ಎಲ್ಲಿ', 'ಯಾವುದರಲ್ಲಿ' ಎಂದೆಲ್ಲ ನಡುವೆ ತುರುಕಬೇಕು. ಅಮ್ಮನಿಗೆ ಏನೂ ಬೇಕಾಗಲಿಲ್ಲ. ಎರಡು ನಿಲ್ದಾಣ ದಾಟುವವರೆಗೂ ನನಗೆ ಮಾತು ಬರಲಿಲ್ಲ.

ಚೀಟಿ ಕಿತ್ತುಹಾಕೋಣವೆಂದು ಓಡಿ ಬಂದು ಲಿಫ್ಟ್ ಹತ್ತಿದೆ. ಚೀಟಿಯಡಿ ನೀಲಿ ಶಾಯಿಯಲ್ಲಿ ಗುಂಡಗಿನ ಅಕ್ಷರಗಳು:

"ಬೊಗಳುವುದು ನಾಯಿ. ನಾನು ಬರೀ ಗೊರಕೆ ಹೊಡೆಯುತ್ತೇನೆ."